ನೋಡಿ ಆರಿಸಿಕೊಳ್ಳುವ ಹಕ್ಕು

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: 'ಮುಂದೇನು?' ಹದಿನಾರರ ಹರೆಯದವರು ಈ ಪ್ರಶ್ನೆಗೆ ಯಾವ ಆಧಾರದ ಮೇಲೆ ಉತ್ತರ ಕೊಡಬೇಕು? ಅಂಕಪಟ್ಟಿ, ಗೆಳೆಯರ ಮಾತು, ಬಂಧುಗಳ ಸಲಹೆ. ಇವಲ್ಲದೆ ಅವರ ಬಳಿ ಬೇರೇನಿದೆ? ರಾಮನಗರದ ಹುಡುಗ ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆಯೇ ಹತ್ತು ವರ್ಷ ಶಾಲೆಗೆ ನಡೆದಿರಬಹುದು. ಒಳಗಿನ ವ್ಯವಹಾರವೇನೆಂದು ಅರಿಯನು. ಚನ್ನಪಟ್ಟಣದಲ್ಲಿ ರೈಲು ಹತ್ತಿ ಬೆಂಗಳೂರಿನ ಕಾಲೇಜಿಗೆ ಹೋಗುವ ಹುಡುಗಿ ದಿನವೂ ಬಿಡದಿಯನ್ನು ಹಾದುಹೋಗುತ್ತಾಳೆ. ಅಲ್ಲಿನ ಕಾರ್ಖಾನೆಗಳಲ್ಲಿ ಎಷ್ಟು ಬಗೆಯ ಉದ್ಯೋಗಗಳಿವೆಯೆಂದು ಆಕೆಗೆ ಯಾರೂ ತೋರಿಸಿಲ್ಲ. ಕಾಣದ್ದನ್ನು ಆರಿಸಿಕೊಳ್ಳುವುದು ಆಯ್ಕೆಯಲ್ಲ, ಅದೃಷ್ಟ ಪರೀಕ್ಷೆ. ಹಾಗಾದರೆ, ಕೆಲಸ ಕೊಡುವವರಿಗೆ ಕೆಲಸವನ್ನು ತೋರಿಸುವ ಕರ್ತವ್ಯವೂ ಇದೆಯೇ?

ಈ ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿ ಕೇಳುವಾಗ ಒಂದು ನೋವಿನ ನೆನಪನ್ನು ಮರೆಮಾಚುವಂತಿಲ್ಲ. ತಂದೆತಾಯಿ ಪಡೆದ ಮುಂಗಡ ಹಣಕ್ಕೆ ಒತ್ತೆಯಾಗಿ, ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಮಕ್ಕಳು ಬಿಸಿನೀರಿಗೆ ಕೈಯಿಟ್ಟು ದುಡಿದ ಕಾಲವಿತ್ತು. ಜೀತಪದ್ಧತಿಯನ್ನು ರದ್ದುಪಡಿಸುವ ಕಾನೂನು 1976ರಲ್ಲೇ ಬಂದಿತ್ತು. ಆದರೂ ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಮಕ್ಕಳ ಜೀತ ಉಳಿದಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ತನ್ನ 2003ರ ವರದಿಯಲ್ಲಿ ದಾಖಲಿಸಿತು. 'ಹುಡುಗ ಕಸುಬು ಕಲಿಯುತ್ತಿದ್ದಾನೆ' ಎಂಬುದು ಇಂತಹ ದುಡಿಮೆಗೆ ಸುಲಭದ ಸಮಜಾಯಿಷಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಅಲ್ಲಿ ಕೆಸರಾದದ್ದು ಮಗುವಿನ ಕೈ, ಮೊಸರುಂಡದ್ದು ಮತ್ತೊಬ್ಬರ ಬಾಯಿ. 'ನಮ್ಮ ಪಾಡು ಮಕ್ಕಳಿಗೆ ಬೇಡ' ಎಂದು ತಾಯಂದಿರು ಇಂದಿಗೂ ಹಿಂಜರಿದರೆ ಅದು ದುಡಿಮೆಯ ಬಗೆಗಿನ ತಾತ್ಸಾರವಲ್ಲ, ಅನುಭವದ ಮಾತು.

ಆದ್ದರಿಂದ ಮೊದಲಿಗೆ ಎರಡು ಸಂಗತಿಗಳನ್ನು ಬೇರ್ಪಡಿಸೋಣ. ದುಡಿಸಿಕೊಳ್ಳುವುದು ಬೇರೆ, ತೋರಿಸುವುದು ಬೇರೆ. ದುಡಿಸಿಕೊಳ್ಳುವವನಿಗೆ ಕೈಗಳಷ್ಟೇ ಸಾಕು. ತೋರಿಸುವವನಿಗೆ ಮಗುವಿನ ಕಣ್ಣು, ಬುದ್ಧಿ, ಪ್ರಶ್ನೆ ಎಲ್ಲವೂ ಬೇಕು. ಜೀತದಲ್ಲಿ ಹೊರಹೋಗುವ ದಾರಿಯೇ ಇಲ್ಲ. ನೋಡಲು ಬಂದವನಿಗಾದರೋ 'ಇದು ನನಗೆ ಒಗ್ಗದು' ಎಂದು ಹೇಳಿ ಹೊರಡುವ ಸ್ವಾತಂತ್ರ್ಯವಿದೆ. ಈ ಸ್ವಾತಂತ್ರ್ಯವೇ ಇಡೀ ವಿಚಾರದ ತಿರುಳು. ಅಪ್ಪನ ಕಸುಬೇ ಮಗನ ಹಣೆಬರಹವೆಂದು ನಂಬಿದ್ದ ಸಮಾಜದಲ್ಲಿ ಇದು ಸಣ್ಣ ವಿಷಯವಲ್ಲ.

ತೋರಿಸಲು ನಮ್ಮಲ್ಲಿ ಏನೂ ಇಲ್ಲವೆನ್ನಬೇಡಿ. ಗೂಡನ್ನು ಕಂಡು ಅದರ ಗುಣವನ್ನು ಅಳೆಯುವ ರೀಲರನ ಕಣ್ಣು, ಹರಾಜಿನ ಲೆಕ್ಕ, ಯಂತ್ರದ ದುರಸ್ತಿ, ನೂಲಿನ ಪರೀಕ್ಷೆ: ಒಂದೇ ರೇಷ್ಮೆ ಘಟಕದ ಸುತ್ತ ಎಷ್ಟೊಂದು ವೃತ್ತಿಗಳು! ಚನ್ನಪಟ್ಟಣದ ಬೊಂಬೆ ಕಾರ್ಯಾಗಾರದಲ್ಲಿ ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಹತ್ತಿಕೊಳ್ಳುತ್ತದೆ. ಅದರ ಹಿಂದೆ ವಿನ್ಯಾಸವಿದೆ, ರಸಾಯನ ವಿಜ್ಞಾನವಿದೆ, ಪರದೇಶದ ಗ್ರಾಹಕರೊಡನೆ ಪತ್ರವ್ಯವಹಾರವಿದೆ. ಕನಕಪುರದ ಚಾಕಿ ಸಾಕಾಣಿಕೆ ಕೇಂದ್ರದಲ್ಲಿ ಎಳೆಯ ರೇಷ್ಮೆಹುಳುಗಳಿಗೆ ಬೇಕಾದ ಶಾಖ ಮತ್ತು ತೇವಾಂಶವನ್ನು ಕಾಯುವವರಿದ್ದಾರೆ. ಮಾಗಡಿಯ ಹಳ್ಳಿಗಳ ಹಾಲಿನ ಸಂಘಗಳಲ್ಲಿ ಕೊಬ್ಬಿನಂಶವನ್ನು ಪರೀಕ್ಷಿಸುವವರು, ಲೆಕ್ಕ ಬರೆಯುವವರು ಇದ್ದಾರೆ. 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವನ್ನು ಬಿಟ್ಟು ಸ್ಥಳೀಯ ಕುಶಲಕರ್ಮಿಗಳ ಬಳಿಗೆ ಹೋಗಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಲಹೆ ಮಾಡಿದ್ದು ಇದೇ ಕಾರಣಕ್ಕೆ.

'ಕಲಿಸಿದರೆ ಬೆಂಗಳೂರಿಗೆ ಹಾರಿಹೋಗುತ್ತಾನೆ, ನಷ್ಟ ನನಗೆ' ಎಂದು ಸಣ್ಣ ಮಾಲೀಕರು ಹೇಳಬಹುದು. ಇಕ್ಕಟ್ಟಿನ ಆದಾಯದಲ್ಲಿ ಬದುಕುವವರ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅವರ ಕೈಯ ಕುಶಲತೆ ಅವರಿಗೆ ಎಲ್ಲಿಂದ ಬಂತು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ಬೊಂಬೆ ತಯಾರಿಕೆಯ ವಿಧಾನವನ್ನು ಅರಿತು ಊರಿನ ಕುಶಲಕರ್ಮಿಗಳಿಗೆ ಕಲಿಸಿದವರೆಂದು ಬಾವಾಸ್ ಮಿಯಾ ಅವರನ್ನು ಚನ್ನಪಟ್ಟಣ ಇಂದಿಗೂ ನೆನೆಯುತ್ತದೆ. ಅವರು ವಿದ್ಯೆಯನ್ನು ಬಚ್ಚಿಟ್ಟುಕೊಂಡಿದ್ದರೆ? ಪ್ರತಿಯೊಬ್ಬ ಯಜಮಾನನೂ ಹಿಂದೊಮ್ಮೆ ಯಾರದೋ ತಾಳ್ಮೆಗೆ ಸಾಲಗಾರ. ಆ ಸಾಲ ತೀರುವುದು ಮುಂದಿನ ಪೀಳಿಗೆಗೆ ಕೊಟ್ಟಾಗ ಮಾತ್ರ.

ದೊಡ್ಡ ಉದ್ಯಮಗಳಿಗೆ ಹೆಚ್ಚು ಸಾಧ್ಯವಿದೆ. ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ 2007ರಲ್ಲಿ ಬಿಡದಿಯಲ್ಲಿ ತಾಂತ್ರಿಕ ತರಬೇತಿ ಸಂಸ್ಥೆಯನ್ನು ತೆರೆದು, ಎಸ್.ಎಸ್.ಎಲ್.ಸಿ. ಮುಗಿಸಿದ ಬಡ ಗ್ರಾಮೀಣ ವಿದ್ಯಾರ್ಥಿಗಳಿಗೆ ಮೂರು ವರ್ಷಗಳ ವಸತಿಸಹಿತ ಶಿಕ್ಷಣವನ್ನು ಆರಂಭಿಸಿತು. ಆದರೆ ಅಂತಹ ಬಾಗಿಲು ಕೆಲವರಿಗಷ್ಟೇ ತೆರೆಯುತ್ತದೆ. ಉಳಿದವರಿಗೆ? 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ, 2019ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ, 30ಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಘಟಕಗಳೂ, ಕನಿಷ್ಠ ನಾಲ್ವರಿದ್ದರೆ, ಸ್ವಇಚ್ಛೆಯಿಂದ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬಹುದು. ಸ್ಟೈಪೆಂಡ್ ಕೊಡಬೇಕು, ಕಲಿಸಬೇಕು.

ಕಾನೂನಿಗಿಂತ ಮಿಗಿಲಾದ ಬಾಧ್ಯತೆಯೊಂದಿದೆ. ಅದು ಸತ್ಯದ ಬಾಧ್ಯತೆ. ಬಂದ ಯುವಕನಿಗೆ ಪೊರಕೆ ಕೊಟ್ಟು ಮೂಲೆಯಲ್ಲಿ ನಿಲ್ಲಿಸಿದರೆ ಅವನು ಏನನ್ನೂ ಕಾಣನು. ನುಣುಪಾದ ಬೊಂಬೆಯನ್ನು ಮಾತ್ರ ತೋರಿಸಿದರೆ ಅರ್ಧವನ್ನಷ್ಟೇ ಕಾಣುವನು. ಕೂಲಿ ಎಷ್ಟು, ಬೆನ್ನುನೋವು ಎಷ್ಟು, ಗೂಡಿನ ದರ ಏರಿದಾಗ ಮಾಲೀಕನ ನಿದ್ದೆ ಎಷ್ಟು ಕೆಡುತ್ತದೆ ಎಂಬುದನ್ನೂ ಹೇಳಬೇಕು. 14 ವರ್ಷದೊಳಗಿನವರು ನೋಡಲಿ, ದುಡಿಯುವುದು ಬೇಡ. 18ರೊಳಗಿನವರು ಅಪಾಯದ ಕೆಲಸದಿಂದ ದೂರವಿರಲಿ. ಬೆವರು ಸುರಿಸಿದವನಿಗೆ ಹಣ ಸಲ್ಲಲಿ. ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ ಎಂಬುದು ಪೋಪ್ ಎರಡನೆಯ ಜಾನ್ ಪೌಲರು 1981ರಲ್ಲಿ ಹೊರಡಿಸಿದ ವಿಶ್ವಪತ್ರದ ಸಾರ.

ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ಅಂಗಡಿ ನಡೆಸುವವರು, ಗ್ಯಾರೇಜ್ ಇಟ್ಟವರು, ಹೊಲಿಗೆ ಯಂತ್ರಗಳ ಒಡೆಯರು, ಆಸ್ಪತ್ರೆಯಲ್ಲಿ ಹಿರಿಯ ದಾದಿಯರಾದವರು ಇದ್ದಾರೆ. ಈ ಬೇಸಿಗೆ ರಜೆಯಲ್ಲಿ ನೆರೆಮನೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಒಂದು ವಾರ ಕರೆದು ನಿಮ್ಮ ಕೆಲಸವನ್ನು ತೋರಿಸಿ. ಬರಿಯ ಗಂಡುಮಕ್ಕಳನ್ನೇ ಕರೆಯದಿರಿ. ವಾರದ ಕೊನೆಗೆ 'ನನಗಿದು ಬೇಡ' ಎಂದು ಆ ಮಗು ಹೇಳಿದರೆ ಬೇಸರಿಸದಿರಿ. ಅದು ತನ್ನ ಕಣ್ಣಾರೆ ಕಂಡು, ತಾನೇ ತೂಗಿ ಕೊಟ್ಟ ಮೊದಲ ಉತ್ತರ. ಅದನ್ನು ಹೇಳುವ ಧೈರ್ಯ ಅದಕ್ಕೆ ಬಂದದ್ದು ನಿಮ್ಮಿಂದ.