ಸಣ್ಣತ್ತೆ ಹಾಡು ಎಲ್ಲಿ ಹೋಯ್ತು?

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಪ್ಪನ ಹಾರ್ಡ್ ಡಿಸ್ಕನ್ನು "ಸರಿ ಮಾಡಿಕೊಡ್ತೀನಿ" ಅಂತ ಬೆಂಗಳೂರಿಗೆ ತಂದೆ. ಯಾರೂ ಕೇಳಿರಲಿಲ್ಲ, ನಾನೇ ಹೇಳಿದ್ದು. ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ಹಾಡುಗಳು. ಅರ್ಧದಷ್ಟು ಮನೆಯ ಹಳೇ ಕ್ಯಾಸೆಟ್‌ಗಳಿಂದ ಅಪ್ಪನೇ ಟೇಪ್ ರೆಕಾರ್ಡರ್‌ಗೂ ಕಂಪ್ಯೂಟರ್‌ಗೂ ವೈರ್ ಸಿಕ್ಕಿಸಿ ಇಳಿಸಿಕೊಂಡದ್ದು. ಉಳಿದವು ಅವರಿವರು ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದು. ಫೋಲ್ಡರ್‌ಗಳ ಹೆಸರು ನೋಡಿದರೆ ತಲೆ ಕೆಡುತ್ತಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: 'ಬೆಳಗ್ಗೆದು', 'ಕರೆಂಟ್ ಹೋದಾಗ', 'ಮೂಲೆಮನೆ ಮಾಮ ಕೊಟ್ಟಿದ್ದು', 'ಹೊಸ ಫೋಲ್ಡರ್ 2'. ಒಂದೇ ಹಾಡು ನಾಲ್ಕು ಕಡೆ, ನಾಲ್ಕು ಹೆಸರಲ್ಲಿ.

ಇಂಥದ್ದಕ್ಕೆಂದೇ ಉಚಿತ ಸಾಫ್ಟ್‌ವೇರ್‌ಗಳಿವೆ. ಹಾಡಿನ ಸದ್ದನ್ನೇ ಬೆರಳಚ್ಚಿನ ಹಾಗೆ ತೆಗೆದುಕೊಂಡು, ಆನ್‌ಲೈನ್ ಪಟ್ಟಿಯೊಂದಿಗೆ ಹೋಲಿಸಿ, ಸರಿಯಾದ ಹೆಸರು, ಗಾಯಕ, ಆಲ್ಬಂ, ವರ್ಷ ಎಲ್ಲವನ್ನೂ ಫೈಲಿನೊಳಗೆ ಬರೆಯುತ್ತವೆ. ಶನಿವಾರ ರಾತ್ರಿ ಹಚ್ಚಿಟ್ಟು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಸ್ವರ್ಗ. ನಕಲುಗಳೆಲ್ಲ ಮಾಯ. ಗಾಯಕರ ಹೆಸರಿನ ಫೋಲ್ಡರ್, ಅದರೊಳಗೆ ಆಲ್ಬಂ, ಅದರೊಳಗೆ ಕ್ರಮಸಂಖ್ಯೆ ಹಾಕಿದ ಹಾಡುಗಳು. ಕೆಲಸ ಮುಗಿದ ಖುಷಿಯಲ್ಲಿ ಎರಡು ಸಲ ಕಾಫಿ ಕುಡಿದೆ.

ಡಿಸ್ಕ್ ಊರಿಗೆ ತಲುಪಿದ ಮೇಲೆ ಅಪ್ಪ ಫೋನ್ ಮಾಡಿದರು. "ಚೆನ್ನಾಗಿದೆ ಕಣೋ. ತುಂಬಾ ನೀಟಾಗಿದೆ. ಆದ್ರೆ ಸಣ್ಣತ್ತೆ ಹಾಡು ಎಲ್ಲಿ ಹೋಯ್ತು?"

ಸಣ್ಣತ್ತೆ ಅಪ್ಪನ ಕೊನೇ ತಂಗಿ. ತೀರಿಕೊಂಡು ಹದಿನೈದು ವರ್ಷವಾಯಿತು. ಅವಳು ಹಾಡಿದ್ದು ಎಲ್ಲೂ ರೆಕಾರ್ಡ್ ಆಗಿಲ್ಲ. ಅಪ್ಪ ಕೇಳುತ್ತಿದ್ದದ್ದು ಒಂದು ಭಾವಗೀತೆಯ ಕ್ಯಾಸೆಟ್ಟಿನ ಹಾಡು. ಹಾಡಿದವರು ಹೆಸರಾಂತ ಗಾಯಕಿ. ಆದರೆ ಆ ಹಾಡನ್ನು ನಮ್ಮ ಮನೆಗೆ ತಂದವಳು, ಪಾತ್ರೆ ತೊಳೆಯುವಾಗ ದಿನಾ ಗುನುಗುತ್ತಿದ್ದವಳು ಸಣ್ಣತ್ತೆ. ಹಾಗಾಗಿ ಅಪ್ಪ ಫೈಲಿಗೆ ಇಟ್ಟ ಹೆಸರು 'ಸಣ್ಣತ್ತೆ ಹಾಡು'. ಹಾಡಿನ ನಿಜವಾದ ಮೊದಲ ಸಾಲು ಯಾವುದೆಂದು ಅವರಿಗೆ ಥಟ್ಟನೆ ನೆನಪಾಗಲಿಲ್ಲ. ಹಳೆಯ ಪ್ರತಿ ನನ್ನ ಹತ್ತಿರ ಇರಲಿಲ್ಲ. ವಾಪಸ್ ತರುವ ದಾರಿಯೂ ಇರಲಿಲ್ಲ. "ಬಿಡು, ನಾನು ಬರೆದಿದ್ದೇ ತಪ್ಪಿತ್ತೇನೋ" ಅಂದರು ಅಪ್ಪ. ಬೈದಿದ್ದರೆ ವಾಸಿಯಿತ್ತು.

ಅಂದಿನಿಂದ ಒಂದು ಪ್ರಶ್ನೆ ಕೊರೆಯುತ್ತಿದೆ. ನಾನು ಮಾಡಿದ್ದು ತಪ್ಪಾ? ಲೆಕ್ಕ ಹಿಡಿದು ನೋಡಿದರೆ ತಪ್ಪನ್ನು ತಿದ್ದಿದ್ದೇನೆ. ಆ ಹಾಡು ಸಣ್ಣತ್ತೆಯದ್ದಲ್ಲ, ಗಾಯಕಿಯದ್ದು. ಆದರೆ ತಿದ್ದುಪಡಿ ಸರಿಯಾಗಿದ್ದೂ ತಿದ್ದಿದ್ದು ತಪ್ಪಾಗಬಹುದಾ?

ಮೊದಲು 'ಸರಿ' ಅಂದರೇನು ನೋಡೋಣ. ಎಂಪಿ3 ಫೈಲಿನೊಳಗೆ ಹೆಸರು ಬರೆದಿಡುವ ಐಡಿ3 ಎಂಬ ಪದ್ಧತಿ ಹುಟ್ಟಿದ್ದು 1996ರಲ್ಲಿ. ಫೈಲಿನ ತುದಿಗೆ ಅಂಟಿಸಿದ ಬರೀ 128 ಬೈಟ್‌ಗಳ ಚೀಟಿ ಅದು. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಂಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಸಂಗೀತದ ಪ್ರಕಾರಕ್ಕೆ 1. ಇಂದಿನ ಯೂನಿಕೋಡ್ ಬರಹದಲ್ಲಿ, ಅಂದರೆ ಯುಟಿಎಫ್-8ನಲ್ಲಿ, 'ಶಿಶುನಾಳ ಶರೀಫ' ಅಂತ ಬರೆಯಲು 34 ಬೈಟ್ ಬೇಕು. ಅಂದರೆ ಶರೀಫರ ಹೆಸರೇ ಆ ಡಬ್ಬಿಯಲ್ಲಿ ಹಿಡಿಯುವುದಿಲ್ಲ! ಪ್ರಕಾರಗಳ ಮೂಲ ಪಟ್ಟಿಯಲ್ಲಿ 80 ಹೆಸರುಗಳಿದ್ದವು. ಪೋಲ್ಕಾ ಇತ್ತು, ಆ್ಯಸಿಡ್ ಜಾಝ್ ಇತ್ತು. ಕರ್ನಾಟಕ ಸಂಗೀತವೂ ಇರಲಿಲ್ಲ, ಹಿಂದೂಸ್ತಾನಿಯೂ ಇರಲಿಲ್ಲ. ಭಾವಗೀತೆಯ ಮಾತು ಬಿಡಿ.

ಇದು ಯಾರದ್ದೋ ಕುತಂತ್ರ ಅಂತ ನಾನು ಹೇಳುತ್ತಿಲ್ಲ. ಮಾಡಿದವರು ತಾವು ಕೇಳುವ ಸಂಗೀತಕ್ಕೆ ತಕ್ಕ ಹಾಗೆ ಮಾಡಿದರು. ಅಲ್ಲಿ ಒಂದು ಹಾಡಿಗೆ ಒಬ್ಬ ಕಲಾವಿದ ಅಥವಾ ಒಂದು ಬ್ಯಾಂಡ್. ನಮ್ಮ ಹಾಡು ಹಾಗಿಲ್ಲವಲ್ಲ. 'ಕಾಡು ಕುದುರೆ' ಚಿತ್ರದ ಹಾಡನ್ನೇ ತಗೊಳ್ಳಿ. ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು ಶಿವಮೊಗ್ಗ ಸುಬ್ಬಣ್ಣ. ಸಾಹಿತ್ಯವೂ ಚಿತ್ರದ ನಿರ್ದೇಶನವೂ ಚಂದ್ರಶೇಖರ ಕಂಬಾರರದ್ದು. ಇನ್ನು ಶರೀಫರ ತತ್ವಪದಗಳು. ಕಟ್ಟಿದವರು 1819ರಿಂದ 1889ರವರೆಗೆ ಬದುಕಿದ್ದ ಸಂತ. ಅವರ ಎಷ್ಟೋ ಪದಗಳಿಗೆ ನಾವಿವತ್ತು ಕೇಳುವ ರಾಗ ಹಾಕಿದವರು ಸಿ. ಅಶ್ವತ್ಥ್. ಹಾಡಿದವರು ಹಲವರು. ನಡುವಿನ ನೂರು ವರ್ಷ ಅವನ್ನು ಬಾಯಿಂದ ಬಾಯಿಗೆ ದಾಟಿಸಿದ ಭಜನೆ ಮಂಡಳಿಯವರಿಗೆ ಹೆಸರೇ ಇಲ್ಲ. ಈಗ ಹೇಳಿ, 'ಕಲಾವಿದ' ಅನ್ನುವ ಒಂದು ಡಬ್ಬಿಯಲ್ಲಿ ಯಾರನ್ನು ಕೂರಿಸೋಣ?

ನನ್ನ ಸಾಫ್ಟ್‌ವೇರ್ ಗಾಯಕರನ್ನು ಕೂರಿಸಿತು. ಹಾಗಾಗಿ ಶರೀಫರು ಹತ್ತಾರು ಫೋಲ್ಡರ್‌ಗಳಲ್ಲಿ ಹಂಚಿಹೋಗಿ, ಶರೀಫ ಅನ್ನುವ ಹೆಸರೇ ಎಲ್ಲೂ ಕಾಣದ ಹಾಗಾಯಿತು. ಐಡಿ3ಯ ಎರಡನೇ ಆವೃತ್ತಿಯಲ್ಲಿ ಸಂಗೀತ ಸಂಯೋಜಕರಿಗೂ ಸಾಹಿತ್ಯ ಬರೆದವರಿಗೂ ಪ್ರತ್ಯೇಕ ಜಾಗ ಇದೆ. ಕನ್ನಡ ಅಕ್ಷರವೂ ಹಿಡಿಯುತ್ತದೆ. ಆದರೆ ನನ್ನ ಡಿಸ್ಕ್‌ನಲ್ಲಿ ಆ ಜಾಗ ಬಹುಪಾಲು ಖಾಲಿ. ಜಾಗ ಇದ್ದೂ ತುಂಬದಿದ್ದರೆ ಅದು ಯಂತ್ರದ ದೋಷ ಅಲ್ಲ.

ಚಿಕ್ಕವನಿದ್ದಾಗ ರೇಡಿಯೋದಲ್ಲಿ ಹಾಡಿಗೆ ಮುಂಚೆ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಅಂತ ಉದ್ದಕ್ಕೆ ಹೇಳುವಾಗ ನನಗೆ ಸಿಟ್ಟು ಬರುತ್ತಿತ್ತು. ಹಾಡು ಹಾಕಿ ಸಾಕು, ಅಂತ. ಈಗ ಅನ್ನಿಸುತ್ತೆ, ಅದು ಊಟಕ್ಕೆ ಮುಂಚೆ ಬಡಿಸಿದವರ ಮುಖ ನೋಡುವ ಹಾಗಿತ್ತು. ಹಾಡು ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಧನದಲ್ಲಿ ಬಿಟ್ಟುಕೊಡಲಾಗದ ಪಾಲಿದೆ ಅಂತ ನಮ್ಮ ಕಾನೂನು ಸ್ಪಷ್ಟವಾಗಿ ಹೇಳಿದ್ದು 2012ರ ತಿದ್ದುಪಡಿಯಲ್ಲಿ. ದುಡ್ಡಿನ ಋಣವನ್ನು ಕಾನೂನು ನೋಡಿಕೊಳ್ಳಬಹುದು. ಹೆಸರು ಹೇಳುವ ಋಣ ಮಾತ್ರ ಕೇಳುವವರದ್ದೇ.

ಆಫೀಸಿನ ಗೆಳೆಯನಿಗೆ ಇದೆಲ್ಲ ಹೇಳಿದೆ. "ಗುರೂ, ಎಲ್ಲಾ ಸ್ಪಾಟಿಫೈನಲ್ಲಿ ಸಿಗುತ್ತೆ. ಫೈಲ್ ಇಟ್ಕೊಂಡು ಯಾಕೆ ಒದ್ದಾಡ್ತೀಯ?" ಅಂದ. ಅವನು ಹೇಳಿದ್ದರಲ್ಲೂ ನ್ಯಾಯ ಇದೆ. ಅಲ್ಲಿ ಎರಡು ಸಲ ಒತ್ತಿದರೆ ಎಷ್ಟೋ ಹಾಡುಗಳಿಗೆ ಬರೆದವರ ಹೆಸರೂ ಸಿಗುತ್ತದೆ. ಆದರೆ ಅದು ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಅಲ್ಲಿನ ಹಾಡಿನ ಮೇಲೆ 'ಸಣ್ಣತ್ತೆ' ಅಂತ ಬರೆಯೋಕಾಗಲ್ಲ.

ಯೋಚಿಸಿ ಯೋಚಿಸಿ ಕೊನೆಗೆ ನನಗೆ ತಿಳಿದದ್ದು ಇಷ್ಟು. ಪ್ರತಿ ಹಾಡಿಗೂ ಎರಡು ಋಣ ಇರುತ್ತದೆ. ಒಂದು, ಹಾಡನ್ನು ಮಾಡಿದವರದ್ದು. ಅದು ಊರಿಗೆಲ್ಲ ಸೇರಿದ ಸತ್ಯ, ಅಲ್ಲಿ ಬಾಯಿಗೆ ಬಂದದ್ದು ಬರೆಯುವ ಹಾಗಿಲ್ಲ. ಇನ್ನೊಂದು, ಆ ಹಾಡನ್ನು ನಮ್ಮ ತನಕ ತಂದುಕೊಟ್ಟವರದ್ದು. ಅದನ್ನು ಯಾವ ಆನ್‌ಲೈನ್ ಪಟ್ಟಿಯೂ ಇಟ್ಟುಕೊಳ್ಳುವುದಿಲ್ಲ. ನಾವು ಬರೆಯದಿದ್ದರೆ ಅದು ಎಲ್ಲೂ ಇಲ್ಲ. ಅಪ್ಪ ಎರಡನೆಯದನ್ನು ಮಾತ್ರ ಬರೆದಿದ್ದರು. ಸಾಫ್ಟ್‌ವೇರ್ ಮೊದಲನೆಯದರಲ್ಲಿ ಮೂರನೇ ಒಂದು ಪಾಲು ಬರೆದು, ಎರಡನೆಯದನ್ನು ಪೂರ್ತಿ ಅಳಿಸಿತು.

ತಿದ್ದಿದ್ದು ನನ್ನ ತಪ್ಪಲ್ಲ. ಕೇಳದೆ ತಿದ್ದಿದ್ದು ತಪ್ಪು. ಅಪ್ಪ ಬರೆದದ್ದನ್ನು ಮಾಹಿತಿ ಅಂತಲೇ ನಾನು ಎಣಿಸಲಿಲ್ಲ, ಕಸ ಅಂದುಕೊಂಡೆ. ಇದು ನಮ್ಮ ಕಸುಬಿನಿಂದ ಅಂಟಿದ ರೋಗ ಇರಬೇಕು. ನಾವು ದಿನಾ ಆಫೀಸಿನಲ್ಲಿ ಯಾರದ್ದೋ ಡೇಟಾ ಕ್ಲೀನ್ ಮಾಡುತ್ತೇವೆ. ಫಾರಂಗೆ ಹೊಂದದ ಉತ್ತರ ಬಂದರೆ ತೆಗೆದು ಬಿಸಾಡುತ್ತೇವೆ. ಬೇಕಾದ್ದು ಯಾವುದು, ಬೇಡದ್ದು ಯಾವುದು ಅಂತ ನಿರ್ಧರಿಸುವಾಗ ಅದನ್ನು ಬರೆದವರನ್ನು ಒಂದು ಮಾತು ಕೇಳಿದ್ದು ನನಗಂತೂ ನೆನಪಿಲ್ಲ.

ಯುಗಾದಿಗೆ ಮತ್ತೆ ಊರಿಗೆ ಹೋದೆ. ಎರಡು ದಿನ ಅಪ್ಪನೂ ನಾನೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಗಾಯಕರ ಹೆಸರು ಇದ್ದಲ್ಲೇ ಇರಲಿ ಅಂತಾಯಿತು. ಸಾಹಿತ್ಯ, ಸಂಗೀತದ ಜಾಗಗಳನ್ನು ಗೊತ್ತಿದ್ದಷ್ಟು ತುಂಬಿದೆವು, ಮನೆಯಲ್ಲಿ ಉಳಿದ ಕ್ಯಾಸೆಟ್ ಕವರ್‌ಗಳನ್ನು ನೋಡಿಕೊಂಡು. ಟಿಪ್ಪಣಿಯ ಜಾಗ ಅಪ್ಪನಿಗೆ. ಸಣ್ಣತ್ತೆ ಹಾಡು ಮೊದಲ ದಿನ ಸಂಜೆ ಸಿಕ್ಕಿತು. ಅಪ್ಪ ಪೂರ್ತಿ ಕೇಳಿದರು, ಏನೂ ಹೇಳಲಿಲ್ಲ. ಮುನ್ನೂರು ಹಾಡಿನ ಕಥೆ ಅವರಿಗೆ ನೆನಪಿತ್ತು. ಉಳಿದವು ಹೋದವು. ಫೋಲ್ಡರಿನ ಹೆಸರು ಕಂಡಿದ್ದರೆ ನೆನಪಾಗುತ್ತಿತ್ತೇನೋ. ಒಂದು ಹಾಡಿಗೆ ತುಂಬಾ ಹೊತ್ತು ಯೋಚಿಸಿ, "ಯಾರೋ ಒಳ್ಳೆಯವರು ಕೊಟ್ಟಿದ್ದು ಅಂತ ಬರಿ" ಅಂದರು. ಹಾಗೇ ಬರೆದಿದ್ದೇನೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಿಸ್ಕ್ ಇದ್ದೀತು. ಸರಿ ಮಾಡುವ ಮುಂಚೆ ಒಂದು ಪ್ರತಿ ತೆಗೆದಿಡಿ. ಅದಕ್ಕೂ ಮುಂಚೆ ಮನೆಗೊಂದು ಫೋನ್ ಮಾಡಿ ಕೇಳಿ.