ಡೈಗೆ ಕುಂಕುಮ ಹಚ್ಚದಿದ್ದರೆ ದೋಷವೇ?

ಪ್ರಶ್ನೆ: ನಾನು ಟೂಲ್ ಅಂಡ್ ಡೈ ಮೇಕರ್. ಆಯುಧಪೂಜೆಯ ದಿನ ಡೈಗಳಿಗೆ ಅರಿಶಿನ-ಕುಂಕುಮ ಹಚ್ಚಲು ಹೋದರೆ, ತುಕ್ಕು ಹಿಡಿಯುತ್ತದೆ ಎಂದು ಮೇಸ್ತ್ರಿ ತಡೆದರು. ಮುಂದಿನ ತಿಂಗಳೇ ಪ್ರೆಸ್ಸಿನಲ್ಲಿ ಜೊತೆಗಾರನ ಬೆರಳು ಹೋಯಿತು. ಪೂಜೆಯ ಲೋಪದಿಂದಲೇ ಹೀಗಾಯಿತೆಂದು ತಾಯಿ ಕೊರಗುತ್ತಿದ್ದಾರೆ. ಶಾಂತಿ ಮಾಡಿಸಬೇಕೆ?
— ಒಬ್ಬ ಓದುಗ, ಸಂಡೂರು

ಉತ್ತರ: ಮೊದಲು ತಾಯಿಯವರಿಗೆ ಸಮಾಧಾನ ಹೇಳಿ. ಕುಂಕುಮ ಹಚ್ಚಲಿಲ್ಲ ಅಂತ ದೇವಿ ಯಾರ ಬೆರಳನ್ನೂ ಕೇಳುವವಳಲ್ಲ.

ವಿಷ್ಣುಪುರಾಣದಲ್ಲಿ ಒಂದು ಪ್ರಸಂಗವಿದೆ. ಸೂರ್ಯನ ತೇಜಸ್ಸನ್ನು ಮಡದಿ ಸಂಜ್ಞಾದೇವಿ ತಾಳಲಾರದೆ ಹೋದಾಗ, ಆಕೆಯ ತಂದೆ ವಿಶ್ವಕರ್ಮ ಸೂರ್ಯನನ್ನೇ ತಿರುಗಣೆಗೆ ಏರಿಸಿ ಸಾಣೆ ಹಿಡಿದ. ತೆಗೆದದ್ದು ಎಂಟನೆಯ ಒಂದು ಪಾಲು ಅಷ್ಟೇ. ಆ ಪಾಲಿನಿಂದಲೇ ವಿಷ್ಣುವಿನ ಚಕ್ರ, ಶಿವನ ತ್ರಿಶೂಲ, ನಿಮ್ಮೂರ ಬೆಟ್ಟದ ಕುಮಾರಸ್ವಾಮಿಯ ಶಕ್ತ್ಯಾಯುಧ ಆದವು. ನೋಡಿ, ಎಷ್ಟು ಬೇಕೋ ಅಷ್ಟನ್ನೇ ತೆಗೆಯುವುದು ನಿಮ್ಮ ಕುಲದೇವರ ಕೆಲಸ, ನಿಮ್ಮದೂ ಅದೇ. ಪಂಚಿಗೂ ಡೈಗೂ ನಡುವೆ ಕೂದಲೆಳೆಯಷ್ಟು ಸಂದು ಇಡುವವರಿಗೆ ಅದನ್ನು ನಾನು ಹೇಳಬೇಕಾಗಿಲ್ಲ. ಆ ನುಣುಪು ಮೈಗೆ ನೀರು, ನಿಂಬೆರಸ ತಾಕಿಸಿ ಕೆಡಿಸುವುದು ಪೂಜೆಯಲ್ಲ. ಮೇಸ್ತ್ರಿ ತಡೆದದ್ದು ಸರಿಯೇ.

ಕ್ರಮ ಹೀಗಿರಲಿ. ಮಹಾನವಮಿಯ ದಿನ ಯಂತ್ರಗಳ ಮೇನ್ ಸ್ವಿಚ್ ಆರಿಸಿ. ಕಲಶ ಇಟ್ಟು ದುರ್ಗೆಯನ್ನೂ ವಿಶ್ವಕರ್ಮನನ್ನೂ ಆವಾಹನೆ ಮಾಡಿ, ಎಲ್ಲ ಉಪಚಾರ ಕಲಶಕ್ಕೇ ಸಲ್ಲಲಿ. ಡೈಗಳನ್ನು ಎಣ್ಣೆ ಸವರಿ ಒಣಬಟ್ಟೆಯ ಮೇಲೆ ಇಟ್ಟು ಅಕ್ಷತೆ ತೋರಿಸಿದರೆ ಸಾಕು. ಗಂಧ-ಕುಂಕುಮ ಯಂತ್ರದ ಬಣ್ಣದ ಮೈಗೆ, ಟೂಲ್ ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚಿ. ಮರುದಿನ ಪುನಃಪೂಜೆ, ಉದ್ವಾಸನೆ ಮುಗಿಸಿ, ಹೂವು-ದಾರ ಒಂದೂ ಉಳಿಯದಂತೆ ತೆಗೆದ ಮೇಲೆಯೇ ಸ್ವಿಚ್ ಹಾಕಿ.

ಇನ್ನು ಶಾಂತಿಯ ಮಾತು. ನಾನು ಜಾತಕ ನೋಡುವವನೇ, ಆದರೂ ಇಲ್ಲಿ ಕೇಳಬೇಕಾದ ಪ್ರಶ್ನೆ ಗ್ರಹದ್ದಲ್ಲ. ಅಂದು ಪ್ರೆಸ್ಸಿಗೆ ಗಾರ್ಡ್ ಇತ್ತೇ? ಎರಡು ಕೈಯಲ್ಲೂ ಒತ್ತಬೇಕಾದ ಗುಂಡಿಯಲ್ಲಿ ಒಂದನ್ನು ಕಟ್ಟಿಹಾಕಿದ್ದರೇ? ಹಾಗಿದ್ದರೆ ಲೋಪ ಅಲ್ಲಿದೆ, ಅದಕ್ಕೆ ಶಾಂತಿಹೋಮ ಪರಿಹಾರವಲ್ಲ. ಗಾರ್ಡ್ ಹಾಕಿಸಿ. ಜೊತೆಗಾರನಿಗೆ ಕಾಯ್ದೆ ಪ್ರಕಾರ ಬರಬೇಕಾದ ಪರಿಹಾರಕ್ಕೆ ನೀವು ಕಂಡದ್ದನ್ನು ಕಂಡಂತೆ ಸಾಕ್ಷಿ ಹೇಳಿ. ಸತ್ಯ ಹೇಳುವುದೂ ಧರ್ಮವೇ. ಹೋಮಕ್ಕೆಂದು ಎತ್ತಿಟ್ಟ ದುಡ್ಡು ಅವರ ಮನೆಯ ಖರ್ಚಿಗಾಗಲಿ.

ತಾಯಿಯವರು ಷಷ್ಠಿಯ ದಿನ ಮನೆಯಲ್ಲೇ ತುಪ್ಪದ ದೀಪ ಹಚ್ಚಿ, ಆ ಹುಡುಗನ ಹೆಸರಿನಲ್ಲಿ ಸುಬ್ರಹ್ಮಣ್ಯನನ್ನು ಪ್ರಾರ್ಥಿಸಲಿ. ಅಷ್ಟು ಸಾಕು. ಶುಭಮಸ್ತು.