ಬೀಗದ ಕೈ ಮತ್ತು ಪಟ್ಟಿ

ಗುಟ್ಟನ್ನು ತಿಳಿಯುವುದರಲ್ಲಿ ಎರಡು ಬಗೆಯುಂಟು. ಗುಟ್ಟು ಏನೆಂದು ತಿಳಿಯುವುದು ಒಂದು. ಗುಟ್ಟೊಂದು ಇದೆಯೆಂದು ತಿಳಿಯುವುದು ಇನ್ನೊಂದು. ಮೊದಲನೆಯದರ ವಿಷಯದಲ್ಲಿ ನಮ್ಮ ನೀತಿ ಸ್ಪಷ್ಟವಾಗಿದೆ: ಇನ್ನೊಬ್ಬರ ಕಾಗದವನ್ನು ಒಡೆದು ಓದಬಾರದು, ಮುಚ್ಚಿದ ಪೆಟ್ಟಿಗೆಗೆ ಕೈ ಹಾಕಬಾರದು. ಎರಡನೆಯದರ ಬಗ್ಗೆ ನಾವು ಅಷ್ಟಾಗಿ ಯೋಚಿಸಿದವರಲ್ಲ. ಪೆಟ್ಟಿಗೆಗಳನ್ನು ತೆರೆಯದೆ, ಅವು ಎಷ್ಟಿವೆ, ಒಂದೊಂದರ ಮೇಲೆ ಏನು ಬರೆದಿದೆ ಎಂದು ಮಾತ್ರ ಗುರುತು ಹಾಕಿಕೊಂಡವನು ತಪ್ಪು ಮಾಡಿದನೋ ಇಲ್ಲವೋ?

ನನಗೆ ಈ ಪ್ರಶ್ನೆ ಹುಟ್ಟಿದ್ದು ವಿಜಯನಗರದಲ್ಲಿರುವ ನನ್ನ ಸೋದರಳಿಯನ ಉದ್ಯೋಗದಿಂದ. ಅವನು ಡೇಟಾಬೇಸಿನ ಒಳಗೇ ನಡೆಯುವ ಪ್ರೋಗ್ರಾಂಗಳನ್ನು ಬರೆಯುವವನು. ಅಂಥ ಪ್ರೋಗ್ರಾಂ ಬೇರೆ ಯಂತ್ರಗಳೊಡನೆ ವ್ಯವಹರಿಸಬೇಕಾದರೆ ಪಾಸ್‌ವರ್ಡ್ ಬೇಕು. ಅದನ್ನು ಪ್ರೋಗ್ರಾಮಿನಲ್ಲೇ ಬರೆದಿಟ್ಟರೆ ಓದಿದವರಿಗೆಲ್ಲ ಸಿಕ್ಕಿಬಿಡುತ್ತದೆ. ಆದ್ದರಿಂದ ಅಂಥ ಗುಟ್ಟುಗಳನ್ನು ಕ್ಲೌಡ್ ಸಂಸ್ಥೆಯ ತಿಜೋರಿಯಲ್ಲಿ ಇಡುತ್ತಾರೆ. ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ. ಒರಾಕಲ್, ಅಮೆಜಾನ್ ಸಂಸ್ಥೆಗಳ ಮೋಡಗಳು ನಮ್ಮ ದೇಶದಲ್ಲಿ ಮುಂಬಯಿ, ಹೈದರಾಬಾದುಗಳ ನೆಲದ ಮೇಲೆಯೇ ಇವೆ. ಪ್ರೋಗ್ರಾಂ ಇಲ್ಲಿಂದ ‘ನಿನ್ನಲ್ಲಿ ಏನೇನಿದೆ?’ ಎಂದು ಕೇಳಿದರೆ ಅಲ್ಲಿಂದ ಪಟ್ಟಿ ಬರುತ್ತದೆ: ಪ್ರತಿ ಗುಟ್ಟಿನ ಹೆಸರು, ಗುರುತಿನ ಸಂಖ್ಯೆ, ಇಟ್ಟ ದಿನ, ಈಗಿನ ಸ್ಥಿತಿ. ಗುಟ್ಟು ಮಾತ್ರ ಬರುವುದಿಲ್ಲ. ಅದಕ್ಕೆ ಬೇರೆ ಕೋರಿಕೆ, ಬೇರೆ ಅನುಮತಿ. ಒರಾಕಲ್‌ನ ನಿಯಮದಲ್ಲಿ ಪಟ್ಟಿ ನೋಡುವುದಕ್ಕೆ ‘ಇನ್‌ಸ್ಪೆಕ್ಟ್’ ಎಂಬ ಅಧಿಕಾರ ಸಾಕು. ಒಳಗಿನದನ್ನು ಓದಲು ‘ರೀಡ್’ ಬೇಕು.

“ಬರೀ ಪಟ್ಟಿ ತಾನೆ ಮಾಮ, ಒಳಗಿರೋದು ನನಗೂ ಕಾಣಿಸೋಲ್ಲ” ಎಂದ ಹುಡುಗ. ಪಟ್ಟಿಯಲ್ಲಿ ದೋಷವಿಲ್ಲವೆಂದು ಅವನ ಭಾವನೆ.

ಮೇಲುನೋಟಕ್ಕೆ ಅದು ಸರಿಯೇ. ರಾಜಾಜಿನಗರದ ಯಾವುದೇ ಬ್ಯಾಂಕಿನಲ್ಲಿ ಲಾಕರ್ ಇಟ್ಟವರಿಗೆ ಈ ನೀತಿ ಗೊತ್ತು. ಯಾರಿಗೆ ಯಾವ ಲಾಕರ್ ಎಂಬುದು ಬ್ಯಾಂಕಿನ ಪುಸ್ತಕದಲ್ಲಿದೆ. ಒಳಗೆ ಚಿನ್ನವಿದೆಯೋ ಹಳೆಯ ಕಾಗದವಿದೆಯೋ ಎಂಬುದು ಮ್ಯಾನೇಜರಿಗೆ ತಿಳಿಯದು. ತಿಳಿಯದಿರುವುದೇ ಅವರ ಮರ್ಯಾದೆ. ಆದರೆ ಅದೇ ಪುಸ್ತಕದಲ್ಲಿ ಲಾಕರ್ ತೆರೆದ ದಿನ, ಹೊತ್ತುಗಳೂ ದಾಖಲಾಗುತ್ತವೆ. ವರ್ಷಕ್ಕೊಮ್ಮೆ ಬರುತ್ತಿದ್ದ ಗೃಹಿಣಿ ಒಂದು ವಾರದಲ್ಲಿ ಮೂರು ಬಾರಿ ಬಂದರೆಂದು ಇಟ್ಟುಕೊಳ್ಳಿ. ಮಗಳ ಮದುವೆಯೋ, ಗಂಡನ ಸಾಲವೋ? ಪುಸ್ತಕ ನೋಡಿದವನು ಪೆಟ್ಟಿಗೆ ತೆರೆಯಲಿಲ್ಲ. ಆದರೂ ಒಂದು ಮನೆಯ ಕಷ್ಟಸುಖದ ಹೊಸಿಲಿನ ಮೇಲೆ ಕಾಲಿಟ್ಟ.

ಪಟ್ಟಿಯೂ ಹೀಗೆಯೇ ಮಾತನಾಡುತ್ತದೆ. ಅಮೆಜಾನಿನ ಪಟ್ಟಿಯಲ್ಲಿ ಗುಟ್ಟನ್ನು ಕೊನೆಯ ಬಾರಿ ತೆಗೆದ ದಿನವೂ ಇರುತ್ತದೆ. ಯಾವುದು ಬಳಕೆಯಲ್ಲಿದೆ, ಯಾವುದು ಮೂಲೆ ಸೇರಿದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಇನ್ನು ಹೆಸರುಗಳು. ‘ಸಂಬಳದ ಲೆಕ್ಕದ ಪಾಸ್‌ವರ್ಡ್’ ಎಂದು ಹೆಸರಿಟ್ಟರೆ ಕಳ್ಳನಿಗೆ ಯಾವ ಗೋಡೆಗೆ ಕನ್ನ ಹಾಕಬೇಕೆಂದು ನಾವೇ ಹೇಳಿಕೊಟ್ಟಂತೆ. ಇನ್ನೊಂದು ವಿಶೇಷವುಂಟು. ಅಮೆಜಾನಿನಲ್ಲಿ ಗುಟ್ಟನ್ನು ತೆರೆಯುವ ಅಧಿಕಾರವನ್ನು ‘ಇದೊಂದನ್ನು ಮಾತ್ರ’ ಎಂದು ಮಿತಿಗೊಳಿಸಬಹುದು; ಪಟ್ಟಿ ನೋಡುವ ಅಧಿಕಾರಕ್ಕೆ ಹಾಗೆ ಒಂದೊಂದು ಗುಟ್ಟಿನ ಲೆಕ್ಕದಲ್ಲಿ ಮಿತಿ ಹಾಕಲಾಗದು. ಕೀಳೆಂದು ತೋರುವ ಅಧಿಕಾರವೇ ಇಲ್ಲಿ ವಿಶಾಲವಾದದ್ದು!

ಹಾಗಾದರೆ ಪಟ್ಟಿಯೇ ಬೇಡವೆ? ಅದೂ ಆಗದು. ಕೆಲಸ ಬಿಟ್ಟುಹೋದವನ ಪಾಸ್‌ವರ್ಡ್ ಯಾರ ಗಮನಕ್ಕೂ ಬಾರದೆ ಜೀವಂತವಾಗಿದ್ದರೆ ಅದು ಹಿತ್ತಲಲ್ಲಿ ತೆರೆದುಬಿಟ್ಟ ಬಾಗಿಲು. ಮನೆಯ ಯಜಮಾನ ಯಾವ ಬ್ಯಾಂಕಿನಲ್ಲಿ ಏನಿಟ್ಟಿದ್ದಾನೆಂದು ಹೇಳದೆ ಕಣ್ಮುಚ್ಚಿದರೆ ಹೆಂಡತಿ ಮಕ್ಕಳು ಪಡುವ ಪಾಡು ನಮಗೆ ಹೊಸದಲ್ಲ. ವಾರಸುದಾರರಿಲ್ಲದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ‘ಉದ್ಗಮ್’ ಎಂಬ ಏರ್ಪಾಟನ್ನು ಮಾಡಬೇಕಾಯಿತು. ಎಣಿಕೆಗೆ ಸಿಗದ ಗುಟ್ಟು ರಕ್ಷಣೆಯಲ್ಲಿರುವ ಗುಟ್ಟಲ್ಲ. ಅದು ಕಳೆದುಹೋದ ಗುಟ್ಟು.

ಪಟ್ಟಿ ಬೇಕು, ಆದರೆ ಯಾರ ಕೈಯಲ್ಲಿ? ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಸೂಚನೆಯಿದೆ. ಬೊಕ್ಕಸದ ರಕ್ಷಣೆ ಸನ್ನಿಧಾತನದು. ಲೆಕ್ಕಪತ್ರಗಳಿಗೆ ಅಕ್ಷಪಟಲವೆಂಬ ಬೇರೊಂದು ಕಚೇರಿ. ಮನುಷ್ಯನ ಮೇಲೆ ಸುಲಭವಾಗಿ ನಂಬಿಕೆಯಿಡದ ಆ ಗ್ರಂಥಕಾರ ಬೀಗದ ಕೈಯನ್ನೂ ಪಟ್ಟಿಯನ್ನೂ ಒಂದೇ ಸೊಂಟಕ್ಕೆ ಸಿಕ್ಕಿಸಲಿಲ್ಲ. ಇಂದಿನ ಯಂತ್ರಶಿಲ್ಪಿಗಳು ಎರಡು ಅನುಮತಿಗಳನ್ನು ಬೇರ್ಪಡಿಸಿರುವುದೂ ಅದೇ ವಿವೇಕದಿಂದ.

ಇದಕ್ಕೆ ನಾನು ಇನ್ನೊಂದು ಮಾತನ್ನು ಸೇರಿಸಬಯಸುತ್ತೇನೆ. ಪಟ್ಟಿಯ ನ್ಯಾಯ ಗುಟ್ಟು ಯಾರದು ಎಂಬುದರ ಮೇಲೆ ನಿಂತಿದೆ. 2005ರ ಮಾಹಿತಿ ಹಕ್ಕಿನ ಕಾನೂನು ಸರ್ಕಾರಿ ಕಚೇರಿಗಳು ತಮ್ಮ ದಾಖಲೆಗಳನ್ನೆಲ್ಲ ಪಟ್ಟಿಮಾಡಿ, ಸೂಚಿ ತಯಾರಿಸಿ ಇಡಬೇಕೆನ್ನುತ್ತದೆ. ಕೆಲವನ್ನು ತೋರಿಸದಿರಲು ಅವಕಾಶವಿದ್ದರೂ ಪಟ್ಟಿಯಿಂದ ಬಿಡಲು ಇಲ್ಲ. ಕಡತವಿದೆಯೆಂದೇ ತಿಳಿಯದ ಪ್ರಜೆ ಅದನ್ನು ಕೇಳುವುದು ಹೇಗೆ? ಆದರೆ ಪ್ರಜೆಯ ಗುಟ್ಟಿನ ಮಾತು ಬೇರೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ಬಲವುಳ್ಳವನ ಗುಟ್ಟುಗಳ ಪಟ್ಟಿ ಬಯಲಿನಲ್ಲಿರಬೇಕು. ಬಲವಿಲ್ಲದವನ ಗುಟ್ಟುಗಳ ಪಟ್ಟಿಗೂ ಬಾಗಿಲು ಬೇಕು. ನಡೆಯುತ್ತಿರುವುದು ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗು.

ಪ್ರೋಗ್ರಾಮಿಗೆ ಕುತೂಹಲವಿಲ್ಲ, ಪಟ್ಟಿ ತಂದಿತು, ಕೆಲಸ ಮುಗಿಸಿತು, ಮರೆಯಿತು. ಪಟ್ಟಿಯನ್ನು ಓದುವ ಮನುಷ್ಯ ಮರೆಯುವುದಿಲ್ಲ. ಆದ್ದರಿಂದ ‘ನಾನು ತೆರೆಯಲಿಲ್ಲ’ ಎಂಬ ಸಮಾಧಾನ ಅವನಿಗೆ ಸಾಲದು; ‘ನಾನು ಎಣಿಸಿದ್ದೇಕೆ?’ ಎಂಬ ಪ್ರಶ್ನೆಗೂ ಅವನು ಉತ್ತರ ಕೊಡಬೇಕು. ಕಾವಲುಗಾರನೂ ಎಣಿಸುತ್ತಾನೆ, ಹೊಂಚುಗಾರನೂ ಎಣಿಸುತ್ತಾನೆ. ಇಬ್ಬರ ಕೈಯಲ್ಲಿರುವುದೂ ಒಂದೇ ಪಟ್ಟಿ.